ಹರಿಗೋಲಿನಲ್ಲಿ ಆಲಿಸ್

ರಾಣೆಬೆನ್ನೂರು ನಿಲ್ದಾಣದಲ್ಲಿ ನಸುಕಿಗೆ ಇಳಿದಾಗ ಅಕ್ಕನ ಮಗಳು ಕಣ್ಣುಜ್ಜಿಕೊಳ್ಳುತ್ತ ಕೇಳಿದ ಮೊದಲ ಪ್ರಶ್ನೆ: "ಮಾಮಾ, ಇಲ್ಲಿ ಒಂಬತ್ತೂ ಮುಕ್ಕಾಲನೇ ಪ್ಲಾಟ್‌ಫಾರ್ಮ್ ಎಲ್ಲಿದೆ?" ಒಂಬತ್ತೇ ಇಲ್ಲದ ಊರಲ್ಲಿ ಮುಕ್ಕಾಲನ್ನು ಎಲ್ಲಿಂದ ತರಲಿ? ಚಹಾದಂಗಡಿಯ ಕಡೆ ಕೈ ತೋರಿಸಿದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಗೋಡೆಯೊಳಗೆ ಅರ್ಧ ನುಗ್ಗಿದಂತೆ ಒಂದು ತಳ್ಳುಗಾಡಿ ನಿಲ್ಲಿಸಿದ್ದಾರೆ. ಹ್ಯಾರಿ ಪಾಟರ್ ಓದಿದ ಮಕ್ಕಳು ಸಾಲು ನಿಂತು ಅದರ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಹುಡುಗಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಹಿಡಿದು ತೆಗೆಸಿಕೊಂಡಳು.

ನಾನು ಹೊರಟದ್ದು ಹಾವೇರಿಯ ಒಂದು ಮದುವೆಗೆ. ಅವಳು ಹೊರಟದ್ದು ಶಾಲೆಯವರು ಕೊಟ್ಟ ಒಂದು ಹಾಳೆಗಾಗಿ. ಇಂಗ್ಲೆಂಡಿನ ಲೇಖಕರ ಯಾವುದಾದರೂ ಪುಸ್ತಕ ಆರಿಸಿ, ಅದರ ಮೇಲೊಂದು ಥೀಮ್ ಪಾರ್ಕಿನ ಆಟ ಕಲ್ಪಿಸಿ, ನಕ್ಷೆ ಬರೆದು, ಒಂದು ಪುಟ ವಿವರಣೆ ಕೊಡಬೇಕು. ಬೇರೆ ಕಡೆ ಇರುವುದನ್ನು ನಕಲು ಮಾಡುವಂತಿಲ್ಲ. ಈ ಕೊನೆಯ ಮಾತೇ ಕುತ್ತಿಗೆಗೆ ಬಂದಿತ್ತು. ಅವಳು ಏನು ನೆನೆದರೂ ಅದನ್ನು ಯಾರೋ ಆಗಲೇ ಕಟ್ಟಿ ಮುಗಿಸಿದ್ದರು. ಪಾಟರನ ಕೋಟೆ 2010ರಲ್ಲಿಯೇ ಅಮೆರಿಕದ ಒರ್ಲ್ಯಾಂಡೊದಲ್ಲಿ ಎದ್ದು ನಿಂತಿದೆ. ಕಾರ್ಖಾನೆಯ ರೋಬೋಟ್ ತೋಳು ನಾಲ್ಕು ಜನರನ್ನು ಕೂರಿಸಿಕೊಂಡು ಪೊರಕೆಯ ಮೇಲೆ ಹಾರಿದಂತೆ ತೂಗಾಡಿಸುತ್ತದೆ. ಪೀಟರ್ ಪ್ಯಾನ್ ಹಾರುವ ಹಡಗು, ಟೋಡ್ ಮಹಾಶಯನ ಹುಚ್ಚು ಮೋಟಾರು, ಆಲಿಸಳ ಚಹಾ ಕಪ್ಪು, ಮೂರೂ 1955ರಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗಲೇ ಅಲ್ಲಿದ್ದವು. ಇಂಗ್ಲೆಂಡಿನ ಮಕ್ಕಳ ಪುಸ್ತಕಗಳಿಗೆ ಗಾಲಿ ಹಚ್ಚಿ ಓಡಿಸಿದವರಲ್ಲಿ ಅಮೆರಿಕದವರೇ ಮುಂದು. ಇಂಗ್ಲೆಂಡಿನವರಿಗೆ ಬಹುಶಃ ಓದುವುದರಲ್ಲೇ ಹೊತ್ತು ಹೋಗುತ್ತಿತ್ತು.

ಆದರೂ ಅವಳು ಆಲಿಸಳನ್ನೇ ಹಿಡಿದು ಕೂತಿದ್ದಳು. ಕಾರಣ ನಮ್ಮಕ್ಕನ ಟ್ರಂಕು. ಅದರಲ್ಲಿ ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ' ಇತ್ತು, ಹೊದಿಕೆ ಹರಿದು, ಮೂಲೆ ಮಡಚಿ. ಇಂಗ್ಲಿಷಿನ ಆಲಿಸ್ ಕನ್ನಡದಲ್ಲಿ ಪಾಪಚ್ಚಿಯಾದ ಪುಸ್ತಕ ಅದು. "ಹೆಸರು ಬದಲಾದ್ರೂ ಬಿಲಕ್ಕೆ ಬೀಳೋದು ಅವಳೇ ತಾನೇ?" ಎಂದು ಕೇಳಿದ್ದಳು. ಹೌದು ಎಂದಿದ್ದೆ. ಆ ಉತ್ತರ ಪೂರ್ತಿ ಸರಿಯಲ್ಲ ಎಂದು ಎರಡು ದಿನದಲ್ಲಿ ನನಗೇ ಅನ್ನಿಸಿತು.

ಮೊದಲು ಕೃಷ್ಣಮೃಗ ನೋಡಲು ಹೋದೆವು. ರಾಣೆಬೆನ್ನೂರಿನ ಅಭಯಾರಣ್ಯ 1974ರದ್ದು, 119 ಚದರ ಕಿಲೋಮೀಟರ್ ವಿಸ್ತೀರ್ಣ. ಕಾಡು ಎಂದು ಮನಸ್ಸಿನಲ್ಲಿ ಹಸಿರು ತುಂಬಿಕೊಂಡು ಹೋದವರಿಗೆ ಇಲ್ಲಿ ಕುರುಚಲು, ಹುಲ್ಲು, ನೀಲಗಿರಿ ನೆಡುತೋಪು ಕಂಡು ನಿರಾಸೆಯಾಗಬಹುದು. ಆದರೆ ಬಯಲಿನ ಆ ಪ್ರಾಣಿಗೆ ಬೇಕಾದದ್ದು ಬಯಲೇ. ಬೆಳಗಿನ ಮಂಜು ಸರಿದಾಗ ಒಂದು ಗಂಡು ನಿಂತಿತ್ತು: ಬೆನ್ನು ಕಪ್ಪು, ಹೊಟ್ಟೆ ಬಿಳಿ, ಸುರುಳಿ ಸುತ್ತಿದ ಕೊಂಬು. ನಮ್ಮನ್ನು ನೋಡಿ, ನಾವು ಯಾರೂ ಮುಖ್ಯರಲ್ಲ ಎಂದು ತೀರ್ಮಾನಿಸಿದಂತೆ ನಾಲ್ಕು ಕಾಲನ್ನೂ ಒಟ್ಟಿಗೆ ಎತ್ತಿ ನೆಗೆಯಿತು.

"ಇದೇ ನಮ್ಮ ಬಿಳಿ ಮೊಲ" ಎಂದಳು.

ನನಗೆ ಅದು ಒಪ್ಪಿಗೆಯಾಯಿತು. ನಮ್ಮ ಕಡೆಯ ಕಥೆಗಳಲ್ಲಿ ಮೊಲದ ಬೆನ್ನು ಹತ್ತಿ ಕೆಟ್ಟವರು ಕಡಿಮೆ, ಜಿಂಕೆಯ ಬೆನ್ನು ಹತ್ತಿ ಕೆಟ್ಟವರು ಬಹಳ. ರಾಮಾಯಣವೇ ಅಲ್ಲಿಂದ ತಿರುವು ಪಡೆಯುತ್ತದೆ. ಆಲಿಸಳಲ್ಲಿ ಒಂದು ಡೋಡೊ ಹಕ್ಕಿಯೂ ಇದೆ, ನೆಲದ ಮೇಲಿಂದ ಅಳಿದೇ ಹೋದ ಹಕ್ಕಿ. ಅದು ಎಲ್ಲರನ್ನೂ ಓಡಿಸಿ ಕೊನೆಗೆ ಎಲ್ಲರೂ ಗೆದ್ದಿರಿ ಎನ್ನುತ್ತದೆ. ರಾಣೆಬೆನ್ನೂರಿಗೂ ಅಂಥದೊಂದಿದೆ: ಎರೆಭೂತ. ಎರೆಮಣ್ಣಿನ ಬಯಲಲ್ಲಿ ಸೊಂಟದೆತ್ತರಕ್ಕೆ ನಿಂತು ನಡೆಯುತ್ತಿದ್ದ ಹಕ್ಕಿ. ಹೆಸರಲ್ಲೇ ಭೂತ ಇಟ್ಟುಕೊಂಡದ್ದಕ್ಕೋ ಏನೋ, ಈಗ ಇಲ್ಲಿ ಅದರ ಮಾತು ಉಳಿದಿದೆ, ಹಕ್ಕಿ ಕಾಣುವುದಿಲ್ಲ. ಅವಳು ಹಾಳೆಯ ಮೂಲೆಯಲ್ಲಿ ಉದ್ದ ಕುತ್ತಿಗೆಯ ಏನನ್ನೋ ಗೀಚಿ, ಅದರ ಒಳಗೆ ಬಣ್ಣ ತುಂಬದೆ ಬಿಟ್ಟಳು.

ಬ್ಯಾಡಗಿಗೆ ಬಂದದ್ದು ಗುರುವಾರ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ವ್ಯಾಪಾರದ ದಿನ. ಜನವರಿ ಕೊನೆ ಎಂದರೆ ಆವಕ ಏರುವ ಕಾಲ. ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬಿತ್ತು. ಮಾರುಕಟ್ಟೆಯ ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿರಲಿಕ್ಕಿಲ್ಲ, ಹುಡುಗಿ ಸೀನತೊಡಗಿದಳು. ಒಂದು, ಎರಡು, ಏಳು. ನಾನೂ ಸೇರಿಕೊಂಡೆ. ಕಣ್ಣೀರು, ಕೆಮ್ಮು, ನಗು ಎಲ್ಲ ಒಟ್ಟಿಗೆ. ಸುತ್ತ ಬೆಟ್ಟದಂತೆ ಚೀಲಗಳು, ಸುರಿದ ಕೆಂಪು ರಾಶಿಗಳು. ರಾಶಿಯ ಮೇಲೆಯೇ ಓಡಾಡುವ ಹಮಾಲರು. ಅವರಲ್ಲಿ ಒಬ್ಬನಾದರೂ ಸೀನಬೇಕಲ್ಲ! ತಲೆಗೆ ಟವೆಲು ಸುತ್ತಿದ ಒಬ್ಬಾತ ಚೀಲ ಇಳಿಸಿ ನಮ್ಮ ಪಾಡು ನೋಡಿ ಹಲ್ಲು ಕಿರಿದು ನಿಂತ.

"ಹೊಸಾಬ್ರದೀರಿ. ಎಲ್ಡ್ ದಿನಾ ಇಲ್ಲೇ ಇರ್ರಿ, ಮೂಗ ಸತ್ತ ಹೋಗತೈತಿ" ಎಂದ.

ಹುಡುಗಿ ಸೀನಿನ ನಡುವೆಯೇ ನನ್ನ ತೋಳು ಹಿಡಿದು ಜಗ್ಗಿದಳು. "ಮಾಮಾ, ಡಚೆಸ್ ಅಡುಗೆಮನೆ! ಡಚೆಸ್ ಅಡುಗೆಮನೆ ಇದು!"

ಪುಸ್ತಕ ಓದಿದವರಿಗೆ ಗೊತ್ತು. ಆಲಿಸ್ ಒಂದು ಮನೆಯೊಳಗೆ ಹೋಗುತ್ತಾಳೆ. ಅಡುಗೆಯವಳು ಸಾರಿಗೆ ಕರಿಮೆಣಸಿನ ಪುಡಿ ಅಳತೆಯಿಲ್ಲದೆ ಸುರಿಯುತ್ತಿದ್ದಾಳೆ. ಮನೆಯೊಡತಿಯೂ ಮಗುವೂ ಸೀನಿ ಸೀನಿ ಸುಸ್ತು. ಸೀನದವರು ಇಬ್ಬರೇ: ಅಡುಗೆಯವಳು, ಮತ್ತು ಒಲೆಯ ಮುಂದೆ ಕಿವಿಯಿಂದ ಕಿವಿಗೆ ಹಲ್ಲು ಬಿಟ್ಟು ಕೂತ ಬೆಕ್ಕು. 1865ರಲ್ಲಿ ಆಕ್ಸ್‌ಫರ್ಡಿನ ಗಣಿತದ ಮೇಷ್ಟ್ರೊಬ್ಬರು ಬರೆದ ಅಡುಗೆಮನೆ ಇಲ್ಲಿ ಸೋಮವಾರ, ಗುರುವಾರ ತಪ್ಪದೆ ತೆರೆಯುತ್ತದೆ. ಬೆಕ್ಕಿನ ಪಾತ್ರಕ್ಕೆ ಟವೆಲು ಸುತ್ತಿದಾತ ಬಂದಿದ್ದಾನೆ. ಡಿಸ್ನಿಯವರು ಎಷ್ಟು ಕೋಟಿ ಸುರಿದರೂ ಈ ಘಾಟು ಹುಟ್ಟಿಸಲಾರರು ಎಂದು ನನಗೆ ಊರಿನ ಹಮ್ಮು ಬಂತು.

ತಮಾಷೆ ಎಂದರೆ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಕಡ್ಡಿ ಎಂಬ ಜಾತಿ ತೆಳ್ಳಗೆ ಉದ್ದ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡಗೆ. ಕೆಂಪು ಬೇಕು, ಬಾಯಿ ಉರಿಯಬಾರದು ಎನ್ನುವ ಅಡುಗೆಗೆ ಇದೇ ಬೇಕು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಎಣ್ಣೆ ತಿಂಡಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು, ಅಂದರೆ ಬ್ಯಾಡಗಿ ಎಂಬ ಹೆಸರಿಗೆ ಈ ನೆಲವೇ ವಾರಸುದಾರ ಎಂಬ ದಾಖಲೆ. ಹಾಗೆ ನೋಡಿದರೆ ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಹಡಗು ಇಳಿದು ಬಂದದ್ದು. ಅದಕ್ಕೂ ಮೊದಲು ಈ ದೇಶದ ಸಾರಿಗೆ ಖಾರ ಕೊಡುತ್ತಿದ್ದದ್ದು ಡಚೆಸ್ಸಳ ಅಡುಗೆಯವಳ ಕೈಯಲ್ಲಿದ್ದ ಅದೇ ಕರಿಮೆಣಸು. ನೆರಳಲ್ಲಿ ಕೂತು ಕಾಯಿಯ ತುಂಬು ಬಿಡಿಸುತ್ತಿದ್ದ ಹೆಂಗಸರಿಗೆ ಇದು ಹೊರಗಿನಿಂದ ಬಂದ ಪದಾರ್ಥ ಎಂದು ಹೇಳಿ ನೋಡಬೇಕಿತ್ತು. ಹೇಳಲಿಲ್ಲ, ಧೈರ್ಯ ಸಾಲಲಿಲ್ಲ.

ಬ್ಯಾಡಗಿ ತಾಲ್ಲೂಕಿನದೇ ಊರು ಕಾಗಿನೆಲೆ. ಅತ್ತ ಹೋಗುವ ಬೋರ್ಡು ಕಂಡು ಕನಕದಾಸರ 'ರಾಮಧಾನ್ಯಚರಿತೆ'ಯ ಕಥೆ ಹೇಳಿದೆ. ರಾಮನ ಎದುರಿಗೆ ರಾಗಿಯೂ ಭತ್ತವೂ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳಕ್ಕೆ ನಿಲ್ಲುತ್ತವೆ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಮುಟ್ಟಾಗಿ ಹೊರಬರುತ್ತದೆ. ಆಲಿಸಳ ಕೊನೆಗೂ ಒಂದು ನ್ಯಾಯಸಭೆ ಇದೆ, ಅಲ್ಲಿಯೂ ತಿಂಡಿಯದೇ ಜಗಳ; ಆದರೆ ಅಲ್ಲಿ ರಾಣಿ ತೀರ್ಪಿಗೆ ಮೊದಲೇ ಶಿಕ್ಷೆ ಕೇಳುತ್ತಾಳೆ. ಎರಡರಲ್ಲಿ ಯಾವುದು ಒಳ್ಳೆಯ ಆಟವಾಗುತ್ತದೆ ಎಂದು ಕೇಳಿದೆ. "ರಾಗಿದು. ಆದ್ರೆ ಹಾಳೆಯಲ್ಲಿ ಇಂಗ್ಲೆಂಡಿನ ಲೇಖಕರು ಅಂತಿದೆ" ಎಂದಳು. ಈ ಉತ್ತರದಲ್ಲಿ ಒಂದು ದೇಶದ ವಿದ್ಯಾಭ್ಯಾಸದ ಚರಿತ್ರೆ ಇತ್ತು. ಆದರೆ ಹಸಿವಾಗಿತ್ತು, ರೊಟ್ಟಿ ಊಟಕ್ಕೆ ಹೋದೆವು.

ಹಾವೇರಿಯಲ್ಲಿ ಮದುವೆ ಮದುವೆಯಂತೆಯೇ ಇತ್ತು, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಏಲಕ್ಕಿ ಹಾರವೊಂದನ್ನು ಬಿಟ್ಟು. ವರನ ಕೊರಳಲ್ಲಿದ್ದ ಆ ಹಾರದಿಂದ ಮಂಟಪದ ತುಂಬ ಕಂಪು. ಏಲಕ್ಕಿ ಕಂಪಿನ ನಾಡು ಎಂದೇ ಹಾವೇರಿಯನ್ನು ಕರೆಯುತ್ತೇವೆ. ಸಮ್ಮೇಳನವಾಗಲಿ, ಮಠದ ಜಾತ್ರೆಯಾಗಲಿ, ದೊಡ್ಡವರು ಬಂದರೆ ಏಲಕ್ಕಿ ಹಾರವೇ. 2023ರ ಜನವರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಇಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ ಆ ಮಾತು ಬ್ಯಾನರುಗಳಲ್ಲೆಲ್ಲ ಇತ್ತು. ಹುಡುಗಿ ಸಹಜವಾಗಿ ಕೇಳಿದಳು, ತೋಟ ಎಲ್ಲಿದೆ, ನೋಡೋಣ ಅಂತ.

ತೋಟ ಇಲ್ಲ. ಹಾವೇರಿಯ ಬಯಲಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಘಟ್ಟದ ಸೆರಗಿನಿಂದ ಚೀಲಗಟ್ಟಲೆ ಬರುತ್ತಿತ್ತು. ಇಲ್ಲಿಯ ಬಾವಿ ನೀರಿನಲ್ಲಿ ತೊಳೆದು, ಬಣ್ಣ ಬಿಡಿಸಿ, ಒಣಗಿಸಿ, ಆರಿಸಿ ಪೇಟೆಗೆ ಕಳಿಸುವುದು ಈ ಊರಿನ ಕಸುಬಾಗಿತ್ತು. ಬೆಳೆದ ಊರಿಗೆ ಹೋಗದ ಹೆಸರು ತೊಳೆದ ಊರಿಗೆ ಬಂತು.

ಆ ರಾತ್ರಿ ಮದುವೆಮನೆಯ ಮಾಳಿಗೆಯ ಮೇಲೆ ಮಲಗಿ ಅವಳಿಗೆ ಗಳಗನಾಥರ ವಿಷಯ ಹೇಳಿದೆ. ಗಳಗನಾಥ ಎಂಬುದು ಹಾವೇರಿ ತಾಲ್ಲೂಕಿನ ಒಂದು ಹಳ್ಳಿ. 1869ರಲ್ಲಿ ಅಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿ ತಮ್ಮ ಊರಿನ ಹೆಸರಿನಲ್ಲಿಯೇ ಬರೆದರು. ಶಾಲಾ ಮಾಸ್ತರಿಕೆ ಮಾಡಿದವರು. 1907ರಲ್ಲಿ ಹಾವೇರಿಗೆ ಹತ್ತಿರದ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಬೆಳೆಸಿದವರು. ಅವರ ಕಾದಂಬರಿಗಳಲ್ಲಿ ಹಲವು ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿಯಿಂದ ಬಂದವು. ಆಪಟೆಯವರನ್ನು ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್‌ಗೆ ಹೋಲಿಸುವುದು ವಾಡಿಕೆ. ಕೋಟೆ, ಕುದುರೆ, ಹಳೆಯ ರಾಜ್ಯ, ಸೋತವರ ಸ್ವಾಭಿಮಾನ ಇವನ್ನು ಸೇರಿಸಿ ಕಾದಂಬರಿ ಮಾಡುವ ಹದವನ್ನು 1814ರ 'ವೇವರ್ಲಿ'ಯಿಂದ ಸ್ಕಾಟ್ ಊರಿಗೆಲ್ಲ ಕಲಿಸಿದ್ದ. ಆ ಹದ ಎಡಿನ್‌ಬರೋದಿಂದ ಹಡಗು ಹತ್ತಿ ಮುಂಬಯಿಗೆ ಇಳಿದು, ಪುಣೆಯಲ್ಲಿ ಮರಾಠಿ ಕಲಿತು, ಅಗಡಿಗೆ ಬರುವ ಹೊತ್ತಿಗೆ ಅದರ ಮೈಮೇಲೆ ಸ್ಕಾಟ್ಲೆಂಡಿನ ಒಂದು ಎಳೆಯೂ ಉಳಿದಿರಲಿಲ್ಲ. 'ಮಾಧವ ಕರುಣಾವಿಲಾಸ' ಓದಿದವರು ಕಂಡದ್ದು ವಿಜಯನಗರವನ್ನು.

ಮುಂದಿನದು ನಮ್ಮ ಕಡೆ ಎಲ್ಲರೂ ಹೇಳುವ ಸಂಗತಿ. ಪುಸ್ತಕ ಅಚ್ಚಾದರೆ ಸಾಲದು, ಓದುಗ ಬೇಕು. ಪುಸ್ತಕದಂಗಡಿ ಇಲ್ಲದ ಕಾಲ. ಗಳಗನಾಥರು ಪುಸ್ತಕದ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು, ಊರಿಂದ ಊರಿಗೆ ನಡೆದು ಮಾರಿದರು. 1942ರಲ್ಲಿ ತೀರಿಕೊಂಡರು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಹೋದಳೆಂದು ತಿಳಿದೆ.

"ಅಂದ್ರೆ ರೈಡ್‌ನಲ್ಲಿ ಕೂತಿದ್ದು ಪುಸ್ತಕ. ಓಡಿದ್ದು ಅವರು" ಎಂದಳು.

ನಾನು ಕೂಡ ನಿದ್ದೆ ಮಾಡಲಿಲ್ಲ. ಕುವೆಂಪು ಹ್ಯಾಮ್ಲೆಟ್‌ನನ್ನು ಬಿದನೂರಿಗೆ ಕರೆತಂದು 'ರಕ್ತಾಕ್ಷಿ' ಮಾಡಿದ್ದು, ಆಲಿಸ್ ಪಾಪಚ್ಚಿಯಾದದ್ದು, ಎಲ್ಲವೂ ಯಾರದೋ ಬಾವಿಯ ನೀರಿನಲ್ಲಿ ತೊಳೆದದ್ದೇ. ಬಿಲಕ್ಕೆ ಬಿದ್ದವಳು ಅವಳೇ ಎಂದು ನಾನು ಹೇಳಿದ್ದೆ; ಬಿದ್ದವಳು ಅವಳಿರಬಹುದು, ಎದ್ದವಳು ಬೇರೆ.

ಮರುದಿನ ಗೊಟಗೋಡಿಗೆ ಹೋದೆವು, ಶಿಗ್ಗಾವಿ ತಾಲ್ಲೂಕು, ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯ ಪಕ್ಕ. ಜಿಲ್ಲೆಯಲ್ಲಿ ಥೀಮ್ ಪಾರ್ಕ್ ಎನ್ನಬಹುದಾದದ್ದು ಇದ್ದರೆ ಅಲ್ಲಿಯ ಉತ್ಸವ್ ರಾಕ್ ಗಾರ್ಡನ್. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ್ದು. ಉತ್ತರ ಕರ್ನಾಟಕದ ಒಂದು ಹಳ್ಳಿಯನ್ನು ಸಿಮೆಂಟಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಾರೆ, ಆಳಿನಷ್ಟೇ ಎತ್ತರದ ಆಳುಗಳು. ಕಮ್ಮಾರ ಸುತ್ತಿಗೆ ಎತ್ತಿದ್ದಾನೆ, ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಾಳೆ, ಎಮ್ಮೆ ಮೈ ತೊಳೆಸಿಕೊಳ್ಳುತ್ತಿದೆ. ಬೆಂಗಳೂರಿನಿಂದ ಬಂದ ಬಸ್ಸಿನ ಮಕ್ಕಳು ಕಟ್ಟೆಯ ಮೇಲೆ ಕೂತ ಮುದುಕನೊಬ್ಬನನ್ನು ಗೊಂಬೆ ಎಂದು ಮುಟ್ಟಲು ಹೋಗಿ, ಆತ ಕೆಮ್ಮಿದಾಗ ಕಿರುಚಿ ಓಡಿದರು. ಪಾಪ, ಆತ ಬಿಸಿಲಿಗೆ ದಣಿದು ಕೂತ ಪ್ರವಾಸಿ.

"ಇಲ್ಲಿ ಯಾವುದೂ ಅಲ್ಲಾಡಲ್ಲ" ಎಂದು ಹುಡುಗಿ ಗೊಣಗಿದಳು. ನಿಜ. ಇಲ್ಲಿ ಅಲ್ಲಾಡಬೇಕಾದವರು ನಾವೇ. ನನಗೆ ಡಿಕನ್ಸ್ ವರ್ಲ್ಡ್ ನೆನಪಾಯಿತು. ಚಾರ್ಲ್ಸ್ ಡಿಕನ್ಸ್ ಬಾಲ್ಯ ಕಳೆದ ಚಾಥಮ್ ಊರಿನಲ್ಲಿ 2007ರಲ್ಲಿ ಅವನ ಕಾದಂಬರಿಗಳ ಲಂಡನ್ನನ್ನು ಒಂದು ದೊಡ್ಡ ಕಟ್ಟಡದೊಳಗೆ ಕಟ್ಟಿದರು. ಕತ್ತಲ ಓಣಿ, ಕಟ್ಟುನಿಟ್ಟಿನ ಶಾಲೆ, ಕೊಳಚೆ ಕಾಲುವೆಯಲ್ಲಿ ದೋಣಿ, ಆ ಕಾಲದ ವಾಸನೆಯನ್ನೂ ತಯಾರಿಸಿ ಬಿಟ್ಟಿದ್ದರು. ಖರ್ಚು ಸುಮಾರು 6 ಕೋಟಿ ಪೌಂಡು. 2016ರಲ್ಲಿ ಮುಚ್ಚಿತು. ಬಡತನವನ್ನು ದುಡ್ಡು ಕೊಟ್ಟು ನೋಡಲು ಜನ ಬೇಸತ್ತರೋ, ದೋಣಿ ಸಾಕಷ್ಟು ಜೋರಾಗಿ ಓಡಲಿಲ್ಲವೋ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರ ಹಳ್ಳಿಗೆ ಈಗಲೂ ಜನ ಬರುತ್ತಾರೆ. ಬರುವವರಲ್ಲಿ ಅರ್ಧದಷ್ಟು ಜನ ಗೊಂಬೆಗಳನ್ನು ನೋಡಿ ನಮ್ಮಜ್ಜನ ಹಂಗ ಐತಿ ನೋಡು ಎನ್ನುತ್ತಾರೆ. ಚಾಥಮ್‌ನಲ್ಲಿ ಹಾಗೆ ಅನ್ನುವವರು ಯಾರೂ ಬದುಕಿರಲಿಲ್ಲ.

ಅದೇ ಶಿಗ್ಗಾವಿ ತಾಲ್ಲೂಕಿನವರು ಶಿಶುನಾಳ ಷರೀಫರು, 1819ರಿಂದ 1889. ಕೋಳಿಯೊಂದು ಕೋತಿಯನ್ನು ನುಂಗಿ, ಒಳಕಲ್ಲು ಒನಕೆಯೆಲ್ಲ ಒಂದನ್ನೊಂದು ನುಂಗುವ ಅವರ ಪದ ಗೊತ್ತಿಲ್ಲದ ಕನ್ನಡಿಗರಿಲ್ಲ. ಆಲಿಸಳ ಕರ್ತೃವಿಗಿಂತ ಹದಿಮೂರು ವರ್ಷ ಹಿರಿಯರು. ಇಬ್ಬರಿಗೂ ಲೋಕವನ್ನು ತಲೆಕೆಳಗೆ ನಿಲ್ಲಿಸುವ ಚಾಳಿ. ಆದರೆ ಇಂಗ್ಲೆಂಡಿನ ಮೇಷ್ಟ್ರು ತಲೆಕೆಳಗಾದದ್ದನ್ನು ಕನಸು ಎಂದು ಎಬ್ಬಿಸಿಬಿಡುತ್ತಾರೆ. ಷರೀಫರು ಎಬ್ಬಿಸುವುದಿಲ್ಲ, ಕೊನೆಗೆ ಗುರುವಿನ ಪಾದಕ್ಕೆ ತಮ್ಮನ್ನೇ ನುಂಗಲು ಕೊಡುತ್ತಾರೆ. ಯಾವುದು ಹೆಚ್ಚು ಭಯದ ಆಟ ಎಂದು ನನ್ನನ್ನು ಕೇಳಿದರೆ ನಮ್ಮವರದೇ ಎನ್ನುತ್ತೇನೆ.

ಇಳಿಹೊತ್ತಿಗೆ ಗಳಗನಾಥ ಸೇರಿದೆವು. ವರದಾ ಬಂದು ತುಂಗಭದ್ರೆಯನ್ನು ಕೂಡುವ ಜಾಗ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಅದರ ಬುಡ ಇಳಿಜಾರು ಕಟ್ಟಿ ಪಿರಮಿಡ್ಡಿನ ಹಾಗೆ ನೆಲಕ್ಕೆ ಊರಿದೆ. ನದಿಯಲ್ಲಿ ನೀರು ಶಾಂತವಾಗಿತ್ತು. ಒಬ್ಬಾತ ಹರಿಗೋಲು ದಂಡೆಗೆ ಹಚ್ಚಿ ಬಲೆ ಕೊಡವುತ್ತಿದ್ದ. ಕೇಳಿದೆವು, ಒಪ್ಪಿದ.

ಆಲಿಸ್ ಹುಟ್ಟಿದ್ದೂ ನದಿಯ ಮೇಲೆಯೇ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ನದಿಯಲ್ಲಿ ದೋಣಿ ಹೋಗುವಾಗ ಮೂರು ಹುಡುಗಿಯರು ಕಥೆ ಹೇಳೆಂದು ಪೀಡಿಸಿದರು, ಮೇಷ್ಟ್ರು ಹೇಳುತ್ತ ಹೋದರು. ಅದೇ ಆಕ್ಸ್‌ಫರ್ಡಿಗೆ 1930ರ ದಶಕದಲ್ಲಿ ಈ ಜಿಲ್ಲೆಯ ಸವಣೂರಿನ ವಿ. ಕೃ. ಗೋಕಾಕರು ಇಂಗ್ಲಿಷ್ ಸಾಹಿತ್ಯ ಓದಲು ಹೋದರು. ಸವಣೂರಿನ ಹುಡುಗ ಕಂಡ ಕಡಲು ಅವರ 'ಸಮುದ್ರ ಗೀತೆಗಳು' ಆಯಿತು. ಅವರು ಇಂಗ್ಲೆಂಡಿನಿಂದ ತಂದದ್ದರಲ್ಲಿ ನನಗೆ ಇಷ್ಟವಾದದ್ದು ಪದವಿಯಲ್ಲ, ಆ ಉಪ್ಪು ಗಾಳಿ.

ನಡುನೀರಿಗೆ ಬಂದಾಗ ಹರಿಗೋಲಿನಾತ ಹುಟ್ಟನ್ನು ಒಂದೇ ಬದಿಗೆ ಹಾಕಿ ಜೋರಾಗಿ ಎಳೆದ. ಬುಟ್ಟಿ ಗಿರ್ರನೆ ತಿರುಗಿತು. ಗುಡಿ, ಹುಣಸೆ ಮರ, ದಂಡೆಯ ಬಟ್ಟೆ ಒಗೆಯುವವರು, ಸೂರ್ಯ, ಮತ್ತೆ ಗುಡಿ. ಹುಡುಗಿ ಕಿರುಚಿದಳು.

"ಚಹಾ ಕಪ್ಪು! ಮಾಮಾ, ಇದೇ ಆ ಚಹಾ ಕಪ್ಪು!"

"ತಲಿ ತಿರುಗಿತೇನವ್ವಾ?" ಎಂದು ಆತ ನಕ್ಕ.

"ನಾವು ಎಲ್ಲಿಗೆ ಹೋಗ್ತಿದೀವಿ?"

"ಎಲ್ಲಿಗೂ ಇಲ್ಲವಾ. ಸುಮ್ನ ತಿರಗಾಕತ್ತೀವಿ."

ಬುಟ್ಟಿ ನಿಂತಾಗ ಒಂದು ಬದಿಗೆ ವಾಲಿತು. ನನ್ನ ಚೀಲ ಅಂಚಿಗೆ ಜಾರಿತ್ತು. ಅದರಲ್ಲಿ ಪಾಪಚ್ಚಿ, ಮದುವೆಯಲ್ಲಿ ಯಾರೋ ಕೊಟ್ಟ ಎರಡು ಪುಸ್ತಕ, ಒಂದು ಕಿಲೋ ಡಬ್ಬಿ ಮೆಣಸಿನಕಾಯಿ. ಆತ ಹುಟ್ಟಿನ ತುದಿಯಿಂದ ತೋರಿಸಿದ. "ಆ ಗಂಟು ನಡುವ ಇಡ್ರಿ ಯಪ್ಪಾ. ಮಂದಿ ಸುತ್ಲೂ ಕುಂದರ್ರಿ. ಇಲ್ಲಾಂದ್ರ ಬುಟ್ಟಿ ಮಗಚತೈತಿ."

ರಾತ್ರಿ ರೈಲು ಹಾವೇರಿ ಬಿಟ್ಟ ಮೇಲೆ ಅವಳು ಮೇಲಿನ ಬರ್ತಿನಲ್ಲಿ ಕೂತು ಚಿತ್ರ ಬರೆದಳು. ಬ್ಯಾಡಗಿ ದಾಟುವಾಗ ಇಬ್ಬರೂ ಒಂದೊಂದು ಸಲ ಸೀನಿದೆವು, ಬಹುಶಃ ಚೀಲದ ಕಾಯಿಯಿಂದ. ರಾಣೆಬೆನ್ನೂರಿನಲ್ಲಿ ಹಾಳೆಯನ್ನು ಕೆಳಗೆ ಇಳಿಸಿ ತೋರಿಸಿದಳು. ದೊಡ್ಡದೊಂದು ದುಂಡು, ನಡುವೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಚೌಕದ ಗಂಟು. ದಂಡೆಯಲ್ಲಿ ಕೃಷ್ಣಮೃಗ, ಬಣ್ಣವಿಲ್ಲದ ಎರೆಭೂತ, ಹಲ್ಲು ಬಿಟ್ಟ ಟವೆಲಿನ ಬೆಕ್ಕು. ಬುಟ್ಟಿಯಲ್ಲಿ ಮನುಷ್ಯರೇ ಇಲ್ಲ.

ಕೂರುವವರು ಎಲ್ಲಿ ಎಂದೆ.

"ಅಂಚಿಗೆ, ಮಾಮಾ. ಇನ್ನೂ ಬಂದಿಲ್ಲ."